ಕ್ಯಾರವಾನ್ ವ್ಯಾನಿನ ಕಿಟಕಿಗಳಿಂದ ಮಳೆನೀರು ಒಳಗೆ ಬರುತ್ತಿದೆ, ಮೃಗಶಿರಾ ಮಳೆಗೆ ಮೊದಲು ಹೇಗೆ ಸರಿಪಡಿಸಬೇಕು?

ಪ್ರಶ್ನೆ: ಬ್ರಹ್ಮಪುರದ ಪ್ರವಾಸಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮನೆಮಂದಿಯೆಲ್ಲ ಒಟ್ಟಿಗೆ ತಿರುಗಾಡಲು ಅನುಕೂಲವಾಗಲೆಂದು ಹಳೆಯ ಟೂರಿಸ್ಟ್ ವ್ಯಾನೊಂದನ್ನು ಕೊಂಡು, ಅದರೊಳಗೆ ಎರಡು ಮಂಚ, ಒಂದು ಚಿಕ್ಕ ಅಡುಗೆಕಟ್ಟೆ ಮತ್ತು ನೀರಿನ ಟಾಕಿ ಕೂಡಿಸಿ, ನೋಂದಣಿ ದಾಖಲೆಯಲ್ಲಿಯೂ ಮಾರ್ಪಾಡನ್ನು ಬರೆಸಿಕೊಂಡು ಕ್ಯಾರವಾನ್ ಮಾಡಿಸಿದ್ದೇವೆ. ದೇವಲ ಗಾಣಗಾಪುರ, ಬಸವಕಲ್ಯಾಣ, ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಕಡೆಗೆಲ್ಲ ಚಳಿಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಹೋಗಿಬಂದಾಗ ಯಾವ ತೊಂದರೆಯೂ ಕಾಣಿಸಲಿಲ್ಲ. ಈ ಮೇ ತಿಂಗಳಿನ ಅಡ್ಡಮಳೆ ಗಾಳಿಯೊಡನೆ ಹೊಡೆದ ಮೇಲೆ ಕಿಟಕಿಗಳ ನಿಜಸ್ಥಿತಿ ಗೊತ್ತಾಯಿತು.

ಅಡುಗೆಕಟ್ಟೆಯ ಪಕ್ಕದಲ್ಲಿ ಎಡಬದಿಯ ತಗಡನ್ನು ಕತ್ತರಿಸಿ, ಅಲ್ಯುಮಿನಿಯಂ ಚೌಕಟ್ಟಿನ ಸ್ಲೈಡಿಂಗ್ ಕಿಟಕಿಯೊಂದನ್ನು ಸ್ಕ್ರೂಗಳಿಂದ ಕೂಡಿಸಲಾಗಿದೆ. ಮಳೆ ಬಂದಾಗ ಅದರ ಕೆಳಗಿನ ಕಾಲುವೆಯಲ್ಲಿ ನೀರು ತುಂಬಿ ಒಳಗೆ ಚೆಲ್ಲುತ್ತದೆ. ಅಷ್ಟೇ ಅಲ್ಲದೆ, ನೀರು ಚೆಲ್ಲದ ದಿನವೂ ಕೆಳಮೂಲೆಯ ಪ್ಲೈವುಡ್ ಒದ್ದೆಯಾಗಿ ಉಬ್ಬಿಕೊಂಡಿದೆ. ಬಲಬದಿಯ ಮಂಚದ ಪಕ್ಕದಲ್ಲಿ ವ್ಯಾನಿನ ಮೂಲ ಗಾಜು ರಬ್ಬರ್ ಬೀಡಿಂಗ್‌ನಲ್ಲಿ ಹಾಗೆಯೇ ಇದೆ. ಅದರ ಮೇಲ್ಮೂಲೆಯಿಂದ ಹನಿ ಬೀಳುತ್ತದೆ, ಆದರೆ ಹೆಚ್ಚಾಗಿ ವಾಹನ ಓಡುತ್ತಿರುವಾಗ ಮಾತ್ರ. ಹಿಂಬದಿಯಲ್ಲಿ ಮೇಲಕ್ಕೆ ಎತ್ತುವ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕಿಟಕಿ ಇದೆ. ಅದು ಸದ್ಯಕ್ಕೆ ಸೋರುತ್ತಿಲ್ಲ.

ಕೆಲಸ ಮಾಡಿಕೊಟ್ಟ ಮಿಸ್ತ್ರಿಯನ್ನು ಕೇಳಿದರೆ ಹೊರಗಿನಿಂದ ಸುತ್ತಲೂ ಒಂದು ಸಿಲಿಕಾನ್ ಗೆರೆ ಎಳೆದರೆ ಮುಗಿಯಿತು ಎನ್ನುತ್ತಾರೆ. ಇನ್ನೊಬ್ಬರು ಎಲ್ಲ ಕಿಟಕಿಗಳನ್ನೂ ಬದಲಾಯಿಸಬೇಕು ಎಂದು ದೊಡ್ಡ ಅಂದಾಜು ಕೊಟ್ಟಿದ್ದಾರೆ. ಈ ಎರಡರಲ್ಲಿ ಯಾವುದು ಸರಿ, ಅಥವಾ ನಡುವೆ ಬೇರೆ ದಾರಿ ಇದೆಯೇ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಭೀಮಾತೀರ, ಅಫಜಲಪುರ

ಮಿಸ್ತ್ರಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಸರ್. ಗಟ್ಟಿಯಾಗಿ ಕುಳಿತಿರುವ ಕಿಟಕಿಯನ್ನು ಬಿಚ್ಚಲು ಹೋಗಿ ಗಾಜು ಒಡೆದುಕೊಳ್ಳುವುದಕ್ಕಿಂತ, ಒಳ್ಳೆಯ ಸಿಲಿಕಾನ್ ತಂದು, ಮಾಸ್ಕಿಂಗ್ ಟೇಪ್ ಹಚ್ಚಿ, ಸಂದುಗಳಿಗೆಲ್ಲ ತುಂಬಿಬಿಟ್ಟರೆ ಈ ಮಳೆಗಾಲ ಸುಖವಾಗಿ ಕಳೆಯುತ್ತದೆ.

ಉತ್ತರ: ಬಾಡಿ ಕಟ್ಟುವವ, ಬೀದರ್

ಬಸ್ಸು, ವ್ಯಾನುಗಳ ಬಾಡಿ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನೀರು ಕಾಣಿಸಿದ ಜಾಗ ಬೇರೆ, ಅದು ಒಳಗೆ ನುಗ್ಗಿದ ಜಾಗ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಪ್ರಾರಂಭಿಸಬೇಕು. ಚಾವಣಿಯ ಒಂದು ಬೋಲ್ಟಿನ ಪಕ್ಕದಲ್ಲಿ ಇಳಿದ ನೀರು ಒಳಗಿನ ಕಬ್ಬಿಣದ ಪಟ್ಟಿಯ ಮೇಲೆ ಹರಿದುಕೊಂಡು ಹೋಗಿ, ಕಿಟಕಿಯ ಮೂಲೆಯಲ್ಲಿ ಇಳಿಯಲು ದಾರಿ ಸಿಕ್ಕಿದಾಗ ಅಲ್ಲಿ ತೊಟ್ಟಿಕ್ಕುತ್ತದೆ. ನೋಡುವವರಿಗೆ ಕಿಟಕಿಯೇ ಸೋರಿದಂತೆ ಕಾಣುತ್ತದೆ. ಹೀಗಾಗಿ ಸೀಲೆಂಟ್ (ಸಂದು ಮುಚ್ಚುವ ಅಂಟು) ಕೊಳ್ಳುವ ಮೊದಲು ಪೈಪಿನಿಂದ ನೀರು ಬಿಟ್ಟು ಪರೀಕ್ಷೆ ಮಾಡಿರಿ. ಕಿಟಕಿಯ ಸುತ್ತಲಿನ ಒಳಫಳಿಯನ್ನು ಬಿಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಲಿ. ಹೊರಗಿನವರು ಮೊದಲು ಕಿಟಕಿಯ ಕೆಳಅಂಚಿಗೆ ಮಾತ್ರ ಸಾದಾ ಧಾರೆಯಲ್ಲಿ ಕೆಲವು ನಿಮಿಷ ನೀರು ಬಿಡಲಿ. ಬಳಿಕ ಪಕ್ಕದ ಅಂಚುಗಳಿಗೆ, ಆಮೇಲೆ ಮೇಲಂಚಿಗೆ, ಕೊನೆಯಲ್ಲಿ ಚಾವಣಿಗೆ. ಮೇಲಿನಿಂದ ಪ್ರಾರಂಭಿಸಿದರೆ ನೀರು ಎಲ್ಲ ಕಡೆಗೂ ಇಳಿದು, ಯಾವ ಸಂದಿನಿಂದ ಒಳಗೆ ಬಂತೆಂದು ಹೇಳಲು ಬರುವುದಿಲ್ಲ. ಸರ್ವಿಸಿಂಗ್ ಕೇಂದ್ರದ ಪ್ರೆಶರ್ ಗನ್ ಉಪಯೋಗಿಸಬೇಡಿರಿ, ಅದು ಚೆನ್ನಾಗಿರುವ ರಬ್ಬರಿನೊಳಗೂ ನೀರನ್ನು ನುಗ್ಗಿಸುತ್ತದೆ.

ಇನ್ನು ನಿಮ್ಮ ಸ್ಲೈಡಿಂಗ್ ಕಿಟಕಿಯ ವಿಷಯ. ತಗಡನ್ನು ಕತ್ತರಿಸಿ ಕೂಡಿಸಿದ ಚೌಕಟ್ಟುಗಳಲ್ಲಿ ನಾನು ಮೊದಲು ನೋಡುವುದು ಬಾಡಿಯ ಬಾಗನ್ನು. ವ್ಯಾನಿನ ಪಕ್ಕದ ತಗಡು ನೋಡಲು ನೇರವಾಗಿದ್ದರೂ ಮೇಲಿನಿಂದ ಕೆಳಗೆ ಸ್ವಲ್ಪ ಹೊಟ್ಟೆ ಬಿಟ್ಟಿರುತ್ತದೆ, ಚೌಕಟ್ಟು ಮಾತ್ರ ಚಪ್ಪಟೆ. ಒಂದು ನೇರವಾದ ಅಲ್ಯುಮಿನಿಯಂ ಪಟ್ಟಿಯನ್ನು ತಗಡಿನ ಮೇಲೆ ಲಂಬವಾಗಿ ಹಿಡಿದರೆ, ಮೇಲೂ ಕೆಳಗೂ ಬೆಳಕು ಹಾಯುವಷ್ಟು ಸಂದು ನಿಮ್ಮ ಕಣ್ಣಿಗೇ ಬೀಳುತ್ತದೆ. ಆ ಸಂದನ್ನು ಸ್ಕ್ರೂ ಬಿಗಿದು ಮುಚ್ಚಲು ಹೋದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಮೂಲೆಯ ಕೂಡುಗೆರೆ ಬಾಯಿ ಬಿಡುತ್ತದೆ, ಗಾಜು ಸರಾಗವಾಗಿ ಜಾರುವುದಿಲ್ಲ. ಹೊರಗೆ ಎಷ್ಟು ಸಿಲಿಕಾನ್ ಬಳಿದರೂ ಮೂಲೆಯ ಆ ಬಿರುಕಿನಿಂದ ಕಾಲುವೆಯ ನೀರು ನೇರವಾಗಿ ಗೋಡೆಯೊಳಗೆ ಇಳಿಯುತ್ತದೆ. ನೀರು ಚೆಲ್ಲದ ದಿನವೂ ನಿಮ್ಮ ಪ್ಲೈವುಡ್ ಒದ್ದೆಯಾಗುತ್ತಿರುವುದಕ್ಕೆ ಇದೇ ಕಾರಣವಿರಬೇಕು ಎಂಬುದು ನನ್ನ ಅನುಮಾನ.

ಭೀಮಾತೀರದವರು ಗಾಜು ಒಡೆಯುವ ಭಯ ವ್ಯಕ್ತಪಡಿಸಿದ್ದಾರೆ. ಸ್ಕ್ರೂ ಹಾಕಿದ ಚೌಕಟ್ಟಿನಿಂದ ಗಾಜನ್ನು ತೆಗೆಯಬೇಕಾಗಿಯೇ ಇಲ್ಲ. ಚೌಕಟ್ಟು ಗಾಜಿನ ಸಮೇತ ಹೊರಗೆ ಬರುತ್ತದೆ. ಸ್ಕ್ರೂಗಳನ್ನೆಲ್ಲ ತೆಗೆದು, ಅಂಚಿನ ಕೆಳಗೆ ಅಗಲವಾದ ಪ್ಲಾಸ್ಟಿಕ್ ಪಟ್ಟಿಯನ್ನು ತೂರಿಸಿ, ಸುತ್ತಲೂ ಸ್ವಲ್ಪಸ್ವಲ್ಪವಾಗಿ ಎತ್ತುತ್ತ ಬಂದರೆ ಸಾಕು. ಒಂದೇ ಮೂಲೆಯಲ್ಲಿ ಜೋರು ಮಾಡಬಾರದು. ಹೊರಗೆ ಬಂದ ಮೇಲೆ ಹಳೆಯ ಸೀಲೆಂಟನ್ನು ಪೂರ್ತಿ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಅಲ್ಲಿ ಮೊದಲು ಸಿಲಿಕಾನ್ ಹಚ್ಚಿದ್ದರೆ ಹೆಚ್ಚು ಶ್ರಮ ಬೇಕಾಗುತ್ತದೆ. ಕಣ್ಣಿಗೆ ಕಾಣದ ಅದರ ಪೊರೆ ಉಳಿದರೂ ಹೊಸ ಸೀಲೆಂಟ್ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಕತ್ತರಿಸಿದ ತಗಡಿನ ಅಂಚನ್ನು ಅನೇಕರು ಬರಿದಾಗಿಯೇ ಬಿಟ್ಟಿರುತ್ತಾರೆ. ಅಲ್ಲಿನ ತುಕ್ಕನ್ನು ವೈರ್ ಬ್ರಶ್‌ನಿಂದ ತೆಗೆದು, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಚೆನ್ನಾಗಿ ಒಣಗಲು ಬಿಡಿರಿ. ತಗಡಿನ ಹಿಂದಿನ ಕಟ್ಟಿಗೆಯ ಪಟ್ಟಿ ಮೆತ್ತಗಾಗಿದ್ದರೆ ಅದನ್ನು ಈಗಲೇ ಬದಲಾಯಿಸಬೇಕು, ಏಕೆಂದರೆ ಸ್ಕ್ರೂಗೆ ಹಿಡಿತ ಸಿಗುವುದು ಅದರಿಂದಲೇ.

ಇಂಥ ಚೌಕಟ್ಟಿಗೆ ನನ್ನ ಆಯ್ಕೆ ಬ್ಯೂಟೈಲ್ ಟೇಪ್, ಅಂದರೆ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ. ಅದು ಒಣಗಿ ಗಟ್ಟಿಯಾಗುವುದಿಲ್ಲ, ವರ್ಷಗಟ್ಟಲೆ ಅಂಟಂಟಾಗಿಯೇ ಉಳಿದು ಲೋಹದ ಜೊತೆಗೆ ಹಿಗ್ಗಿ ಕುಗ್ಗುತ್ತದೆ, ಮತ್ತೊಮ್ಮೆ ಬಿಚ್ಚಬೇಕಾಗಿ ಬಂದರೂ ತೊಂದರೆ ಕೊಡುವುದಿಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಟೇಪನ್ನು ಚೌಕಟ್ಟಿನ ಅಂಚಿನ ಹಿಂಬದಿಗೆ ಸುತ್ತಲೂ ಹಚ್ಚಿ, ಪಟ್ಟಿ ಹಿಡಿದಾಗ ಸಂದು ಕಂಡ ಕಡೆಗಳಲ್ಲಿ ಎರಡನೆಯ ಪದರ ಕೊಡಿರಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದು, ಟೇಪು ಅಂಚಿನಿಂದ ಸಮವಾಗಿ ಹೊರಗೆ ಇಣುಕಿದ ಕೂಡಲೇ ನಿಲ್ಲಿಸಿರಿ. ಮರುದಿನ ಬಿಸಿಲೇರಿದ ಮೇಲೆ ಟೇಪು ಮೆತ್ತಗಾಗಿ ಇನ್ನಷ್ಟು ಕುಳಿತಿರುತ್ತದೆ. ಆಗ ಇನ್ನೊಮ್ಮೆ ಲಘುವಾಗಿ ಬಿಗಿದು, ಹೊರಗೆ ಬಂದದ್ದನ್ನು ಕಟ್ಟಿಗೆಯ ಚೂರಿನಿಂದ ಕತ್ತರಿಸಿ ತೆಗೆಯಿರಿ. ಚೌಕಟ್ಟು ಹೊರಗಿರುವಾಗಲೇ ಅದರ ನಾಲ್ಕೂ ಮೂಲೆಗಳ ಕೂಡುಗೆರೆಗಳಿಗೆ ಹಿಂಬದಿಯಿಂದ ಸೀಲೆಂಟ್ ತುಂಬುವುದನ್ನು ಮರೆಯಬಾರದು. ಮುಂದೆ ಆ ಜಾಗಕ್ಕೆ ಕೈ ಹೋಗುವುದಿಲ್ಲ.

ಉತ್ತರ: ವಾಡಿ ಜಂಕ್ಷನ್, ಚಿತ್ತಾಪುರ ತಾಲೂಕು

ಬೀದರಿನವರು ಚೌಕಟ್ಟಿನ ಬಗ್ಗೆ ಹೇಳಿದ್ದು ಸರಿಯಾಗಿದೆ, ಆದರೆ ಕಾಲುವೆ ತುಂಬಿ ಒಳಗೆ ಚೆಲ್ಲುವುದಕ್ಕೆ ಬೇರೆಯೇ ಕಾರಣವಿದೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಕಾಲುವೆಗೆ ನೀರು ಬರುವುದು ಸಹಜ. ಗಾಜು ಜಾರಬೇಕಾದರೆ ಸಂದು ಬೇಕೇ ಬೇಕು. ಬಂದ ನೀರು ಹೊರಗೆ ಹೋಗಲೆಂದು ಹೊರಬದಿಯ ಅಂಚಿನ ಬುಡದಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ನಮ್ಮ ಸೀಮೆಯ ಧೂಳು ಅವುಗಳನ್ನು ಮುಚ್ಚಿಬಿಡುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಗೆ ಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಲಾರಿಗಳ ಹಿಂದೆ ಒಂದೆರಡು ಸಲ ಹೋಗಿಬಂದರೆ ಸಾಕು, ಸುಣ್ಣಕಲ್ಲಿನ ನುಣ್ಣನೆಯ ಬಿಳಿಪುಡಿ ಕಾಲುವೆಯೊಳಗೆ ಕುಳಿತುಕೊಳ್ಳುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು ಬಿದ್ದು, ಒಂದು ಸಣ್ಣ ಮಳೆಯಲ್ಲಿ ನೆನೆದು, ಮತ್ತೆ ಬಿಸಿಲಿಗೆ ಒಣಗಿತೆಂದರೆ ಬೆರಳಿನಿಂದ ಕೆರೆದರೂ ಏಳುವುದಿಲ್ಲ.

ಗಾಜನ್ನು ಒಂದು ಬದಿಗೆ ಸರಿಸಿ, ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ನೀರಿನಿಂದ ಕಾಲುವೆಯನ್ನು ತಿಕ್ಕಿ ತೊಳೆಯಿರಿ. ತೂತಿನೊಳಗೆ ತೆಳುವಾದ ತಂತಿಯನ್ನು ಆಡಿಸಿ, ಒಂದು ಲೋಟ ನೀರನ್ನು ಕಾಲುವೆಗೆ ಸುರಿದು ನೋಡಿರಿ. ನೀರು ಹೊರಗೆ ಇಳಿದುಹೋದರೆ ಅರ್ಧ ಸಮಸ್ಯೆ ಕಾಸು ಖರ್ಚಿಲ್ಲದೆ ಮುಗಿದಂತೆ. ಕಾಲುವೆಯಲ್ಲಿ ಕೂಡಿಸಿದ ಮೆತ್ತನೆಯ ನಾರಿನ ಪಟ್ಟಿ ಸವೆದು ಬೋಳಾಗಿದ್ದರೆ ಅದನ್ನೂ ಬದಲಾಯಿಸಬೇಕಾಗುತ್ತದೆ. ಬಸ್ಸಿನ ಗಾಜಿನ ಸಾಮಾನು ಮಾರುವ ಅಂಗಡಿಗಳಲ್ಲಿ ಅಳತೆ ಮತ್ತು ಮಾದರಿಯ ತುಂಡನ್ನು ತೋರಿಸಿದರೆ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಹೊರಗಿನಿಂದ ಸುತ್ತಲೂ ಸಿಲಿಕಾನ್ ಎಳೆಯುವವರು ಮೊದಲು ಮುಚ್ಚುವುದು ಈ ತೂತುಗಳನ್ನೇ ಎಂಬುದನ್ನೂ ಇಲ್ಲಿ ಹೇಳಲೇಬೇಕು. ರಾತ್ರಿ ವಾಹನ ನಿಲ್ಲಿಸುವಾಗ ಆ ಬದಿ ಮೇಲಾಗಿ, ನೀರು ಒಳಬದಿಗೆ ವಾಲುವಂತೆ ನಿಲ್ಲಿಸಿದರೆ ತೂತುಗಳು ಚೊಕ್ಕಟವಾಗಿದ್ದರೂ ಕೆಲಸ ಮಾಡುವುದಿಲ್ಲ.

ಉತ್ತರ: ಭೀಮಾತೀರ, ಅಫಜಲಪುರ

ತೂತುಗಳ ವಿಷಯವನ್ನು ಒಪ್ಪುತ್ತೇನೆ. ಆದರೆ ಸಿಲಿಕಾನ್ ಮೇಲೆ ಇಷ್ಟೊಂದು ಸಿಟ್ಟು ಏಕೆ ಎಂಬುದು ಅರ್ಥವಾಗಲಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಗಾಜಿನ ಗೋಡೆಗಳೇ ಸಿಲಿಕಾನ್ ಮೇಲೆ ನಿಂತಿವೆ. ಬಿಸಿಲಿಗೆ ಅದರಷ್ಟು ತಡೆದುಕೊಳ್ಳುವ ಸೀಲೆಂಟ್ ಬೇರೊಂದಿಲ್ಲ.

ಉತ್ತರ: ಬಾಡಿ ಕಟ್ಟುವವ, ಬೀದರ್

ತಾವು ಹೇಳಿದ್ದು ನಿಜ. ಬಿಸಿಲನ್ನು ತಡೆಯುವುದರಲ್ಲಿ ಸಿಲಿಕಾನ್ ನಿಸ್ಸಂದೇಹವಾಗಿ ಮುಂದಿದೆ. ನನ್ನ ಆಕ್ಷೇಪ ಅದನ್ನು ಬಳಸುವ ರೀತಿಯ ಬಗ್ಗೆ ಮತ್ತು ಅಂಗಡಿಯಲ್ಲಿ ಕೈಗೆ ಸಿಗುವ ಬಗೆಯ ಬಗ್ಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ಸಿಲಿಕಾನ್ ಬಹುತೇಕ ವಿನೆಗರ್ ವಾಸನೆ ಬರುವ ಅಸಿಟಿಕ್ ಬಗೆಯದು. ಅದು ಒಣಗುವಾಗ ಹೊರಬರುವ ಆಮ್ಲ ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಲೋಹದ ಮೇಲೆ ಹಚ್ಚುವುದಾದರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು. ಕಟ್ಟಡದ ಗಾಜಿಗೆ ಲೆಕ್ಕ ಹಾಕಿ ಅಗಲವಾದ ಸಂದು ಬಿಟ್ಟು ಅದನ್ನು ತುಂಬಿರುತ್ತಾರೆ. ನಾವು ಎಳೆಯುವುದು ಅಂಚಿನ ಮೇಲೆ ಕೂದಲೆಳೆಯಂಥ ಒಂದು ಗೆರೆ.

ಆ ಗೆರೆ ಏಕೆ ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕವೇ ಇದೆ. 1 ಮೀಟರ್ ಉದ್ದದ ಅಲ್ಯುಮಿನಿಯಂ ಮೊದಲಿಗಿಂತ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕಿನ ತಗಡು ಅದರ ಅರ್ಧದಷ್ಟು, ಗಾಜು ಇನ್ನೂ ಕಡಿಮೆ. ಕಲಬುರಗಿಯ ಮೇ ತಿಂಗಳಿನಲ್ಲಿ ಗಾಳಿಯ ಉಷ್ಣತೆಯೇ 42 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ತಗಡು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಡಿಸೆಂಬರ್ ರಾತ್ರಿ ಅದೇ ತಗಡು ತಣ್ಣಗೆ ಕೊರೆಯುತ್ತದೆ. ಹೀಗೆ ಚೌಕಟ್ಟು ಮತ್ತು ತಗಡು ದಿನವೂ ಒಂದರ ಮೇಲೊಂದು ಜಾರುತ್ತಿರುವಾಗ, ನಡುವೆ ದಪ್ಪ ಪದರವಿದ್ದರೆ ಅದು ಎಳೆತವನ್ನು ನುಂಗಿಕೊಳ್ಳುತ್ತದೆ, ಮೇಲಿನ ತೆಳುವಾದ ಗೆರೆ ನುಂಗಿಕೊಳ್ಳಲಾರದು. ಎಂ-ಸೀಲ್ ತರಹದ ಎಪಾಕ್ಸಿಯನ್ನಂತೂ ಕಿಟಕಿಯ ಸುತ್ತ ಹಚ್ಚಲೇಬಾರದು. ಕಲ್ಲಿನಂತಾಗುವ ಪದಾರ್ಥಕ್ಕೆ ಬಿರುಕು ಬಿಡದೆ ಬೇರೆ ದಾರಿಯಿಲ್ಲ.

ಪಿಯು (ಪಾಲಿಯುರೆಥೇನ್) ಸೀಲೆಂಟ್ ಬಗ್ಗೆ ಯಾರಾದರೂ ಕೇಳುವರೆಂದು ಈಗಲೇ ಹೇಳಿಬಿಡುತ್ತೇನೆ. ಚೌಕಟ್ಟಿಲ್ಲದೆ ನೇರವಾಗಿ ತಗಡಿಗೆ ಅಂಟಿಸಿದ ಗಾಜಿಗೆ, ಮುಂದಿನ ವಿಂಡ್‌ಶೀಲ್ಡಿಗೆ ಪಿಯುವೇ ಸರಿ, ಅದೂ ಗಾಜಿಗೆ ಪ್ರೈಮರ್ ಹಚ್ಚಿದ ಮೇಲೆ. ಅದು ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತುವಾದ್ದರಿಂದ ನಮ್ಮ ಏಪ್ರಿಲ್, ಮೇ ತಿಂಗಳಿನ ಒಣಗಾಳಿಯಲ್ಲಿ ನಿಧಾನವಾಗುತ್ತದೆ. ಸಾಧಾರಣ ಹವೆಯಲ್ಲಿಯೂ 24 ಗಂಟೆಗೆ 3 ರಿಂದ 4 ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುತ್ತದೆ. ಸ್ಕ್ರೂ ಹಾಕಿದ ಚೌಕಟ್ಟನ್ನು ಪಿಯು ಹಚ್ಚಿ ಕೂಡಿಸಿದರೆ ಮುಂದೆ ತೆಗೆಯುವವರು ತಂತಿಯಿಂದ ಕೊಯ್ಯಬೇಕಾಗುತ್ತದೆ.

ಬ್ರಹ್ಮಪುರದ ಪ್ರವಾಸಿ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಒಳಫಳಿ ಬಿಚ್ಚಿ ಪೈಪಿನ ಪರೀಕ್ಷೆ ಮಾಡಿಸಿದೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಎಡಮೂಲೆಯ ಕೂಡುಗೆರೆಯಿಂದ ನೀರು ಗೋಡೆಯೊಳಗೆ ಇಳಿಯುವುದು ಸ್ಪಷ್ಟವಾಗಿ ಕಂಡಿತು. ತೂತುಗಳೂ ವಾಡಿಯವರು ಹೇಳಿದಂತೆ ಪೂರ್ತಿ ಕಟ್ಟಿಕೊಂಡಿದ್ದವು. ಮಂಚದ ಪಕ್ಕದ ಗಾಜಿನ ಮೇಲಂಚಿಗೆ ಬಹಳ ಹೊತ್ತು ನೀರು ಬಿಟ್ಟರೂ ಒಂದು ಹನಿಯೂ ಬರಲಿಲ್ಲ. ಚಾವಣಿಗೆ ನೀರು ಬಿಟ್ಟು, ಟಾರ್ಚ್ ಹಿಡಿದವರು ಮೇಲೆ ನೋಡಿದಾಗ, ಸಾಮಾನು ಕಟ್ಟುವ ಕ್ಯಾರಿಯರ್‌ನ ಮುಂದಿನ ಬೋಲ್ಟಿನಿಂದ ನೀರು ಇಳಿದು ಕಬ್ಬಿಣದ ಪಟ್ಟಿಯ ಗುಂಟ ಹರಿದು ಬರುತ್ತಿತ್ತು. ಬ್ರೇಕ್ ಹಾಕಿದಾಗ ಚಾವಣಿಯ ಮೇಲೆ ನಿಂತ ನೀರು ಮುಂದಕ್ಕೆ ಸರಿದು ಬೋಲ್ಟಿನವರೆಗೆ ಬರುವುದರಿಂದ ಓಡುವಾಗ ಮಾತ್ರ ಸೋರುತ್ತಿತ್ತೆಂದು ಈಗ ತಿಳಿಯುತ್ತಿದೆ. ಬೋಲ್ಟ್ ತೆಗೆದು, ಬುಡಕ್ಕೆ ಬ್ಯೂಟೈಲ್ ಮತ್ತು ರಬ್ಬರ್ ವಾಷರ್ ಕೊಟ್ಟು ಕೂಡಿಸಲು ಮಿಸ್ತ್ರಿಗೆ ಹೇಳಿದ್ದೇನೆ.

ಉಳಿದಿರುವುದು ಎರಡು ಪ್ರಶ್ನೆಗಳು. ಆ ಹಳೆಯ ಗಾಜಿನ ರಬ್ಬರ್ ಗಟ್ಟಿಯಾಗಿ, ಒಂದು ಕಡೆ ತುದಿಗಳ ನಡುವೆ ಸಣ್ಣ ಸಂದು ಬಿದ್ದಿದೆ, ಸೋರದಿದ್ದರೂ ಬದಲಾಯಿಸಬೇಕೆ? ಎರಡನೆಯದು, ಹಿಂದಿನ ಅಕ್ರಿಲಿಕ್ ಕಿಟಕಿಯ ಮೇಲೆ ಅಂಟಿದ್ದ ಸ್ಟಿಕ್ಕರಿನ ಗೋಂದನ್ನು ಕೆಲಸದವರು ಥಿನ್ನರ್‌ನಿಂದ ಒರೆಸಿದ ಮೇಲೆ ಅಲ್ಲಿ ಜೇಡರಬಲೆಯಂಥ ಸಣ್ಣ ಗೆರೆಗಳು ಎದ್ದಿವೆ. ಅವುಗಳಿಂದ ನೀರು ಬರಬಹುದೇ?

ಉತ್ತರ: ಸಗರನಾಡಿನವ, ಶಹಾಪುರ, ಯಾದಗಿರಿ ಜಿಲ್ಲೆ

ರಬ್ಬರ್ ಬದಲಾಯಿಸುವುದು ಒಳ್ಳೆಯದು. ಕೂಡಿಸುವಾಗ ಎಳೆದು ಹಾಕಿದ ರಬ್ಬರ್ ಕ್ರಮೇಣ ತನ್ನ ಮೊದಲಿನ ಉದ್ದಕ್ಕೆ ಕುಗ್ಗುವುದರಿಂದಲೇ ತುದಿಗಳ ನಡುವೆ ಬಾಯಿ ಬಿಡುತ್ತದೆ. ಹೊಸದನ್ನು ಅಳತೆಗಿಂತ ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಒತ್ತಿ ಒತ್ತಿ ಕೂಡಿಸಬೇಕು. ತುದಿಗಳು ಸೇರುವ ಜಾಗ ಮೂಲೆಯಲ್ಲಿ ಬರಬಾರದು. ಮೊದಲು ರಬ್ಬರನ್ನು ಗಾಜಿಗೆ ತೊಡಿಸಿ, ಅದರ ಹೊರಅಂಚಿನ ಕಾಲುವೆಯಲ್ಲಿ ಗಟ್ಟಿಯಾದ ದಾರವನ್ನು ಸುತ್ತಿ, ಗಾಜನ್ನು ಹೊರಗಿನಿಂದ ಒಬ್ಬರು ಒತ್ತಿ ಹಿಡಿದಾಗ ಒಳಗಿನವರು ದಾರವನ್ನು ನಿಧಾನವಾಗಿ ಎಳೆಯುತ್ತ ಬಂದರೆ, ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕುಳಿತುಕೊಳ್ಳುತ್ತದೆ. ಜಾರಲೆಂದು ಸೋಪಿನ ನೀರು ಹಚ್ಚಿರಿ. ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ಇಂಥ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗಾಜನ್ನೇ ಬದಲಾಯಿಸುವ ಪ್ರಸಂಗ ಬಂದರೆ ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಸೇಫ್ಟಿ ಗಾಜನ್ನು ಅಳತೆ ಕೊಟ್ಟು ಮಾಡಿಸಬೇಕು. ಟಫನ್ ಆದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ.

ಅಕ್ರಿಲಿಕ್ ಮೇಲಿನ ಗೆರೆಗಳು ಥಿನ್ನರ್‌ನಿಂದಲೇ ಆದವು, ಅವು ಮತ್ತೆ ಹೋಗುವುದಿಲ್ಲ. ಸದ್ಯಕ್ಕೆ ಅವು ಮೇಲ್ಪದರದಲ್ಲಿ ಮಾತ್ರ ಇರುವುದರಿಂದ ನೀರು ಬರಲಾರದು, ಆದರೆ ಸ್ಕ್ರೂ ತೂತಿನ ಹತ್ತಿರ ಅಂಥ ಗೆರೆ ಇದ್ದರೆ ಅಲ್ಲಿಂದ ಸೀಳು ಬೆಳೆಯುವ ಸಂಭವವಿದೆ. ಇನ್ನು ಮುಂದೆ ಥಿನ್ನರ್, ಪೆಟ್ರೋಲ್ ಯಾವುದನ್ನೂ ಮುಟ್ಟಿಸದೆ ಸೌಮ್ಯವಾದ ಸೋಪು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ; ಅಕ್ರಿಲಿಕ್‌ಗೆ ಹೊಂದುತ್ತದೆ ಎಂದು ಬರೆದಿರುವ ಸೀಲೆಂಟನ್ನು ಮಾತ್ರ ಹಚ್ಚಿರಿ. ಬೀದರಿನವರು ಕೊಟ್ಟ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿರಿ: 1 ಮೀಟರ್ ಅಕ್ರಿಲಿಕ್ 50 ಡಿಗ್ರಿ ಏರಿಕೆಗೆ ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಆದ್ದರಿಂದ ಅದರ ತೂತುಗಳು ಸ್ಕ್ರೂಗಿಂತ ದೊಡ್ಡದಾಗಿರಬೇಕು ಮತ್ತು ಸ್ಕ್ರೂಗಳನ್ನು ಕಿವುಚಿ ಬಿಗಿಯಬಾರದು. ಅದರ ಸುತ್ತಲಿನ ರಬ್ಬರ್ ಸರಿಯಾಗಿ ಒತ್ತುತ್ತಿದೆಯೇ ಎಂದು ನೋಡಲು ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಕಿಟಕಿ ಮುಚ್ಚಿ ಎಳೆಯಿರಿ. ಕಾಗದ ಸರಾಗವಾಗಿ ಜಾರಿ ಬಂದ ಕಡೆ ಚಿಲಕವನ್ನು ಸ್ವಲ್ಪ ಒಳಗೆ ಸರಿಸಬೇಕಾಗುತ್ತದೆ.

ಅಡುಗೆಕಟ್ಟೆಯ ಬದಿಯ ಉಬ್ಬಿದ ಪ್ಲೈವುಡ್ಡನ್ನು ಉಳಿಸಿಕೊಳ್ಳಲು ಹೋಗಬೇಡಿರಿ. ಹೊಸದನ್ನು ಹಾಕಿಸುವಾಗ ಐ.ಎಸ್. 710 ಎಂಬ ಗುರುತಿರುವ ಮರೀನ್ ಪ್ಲೈವುಡ್ಡನ್ನೇ ತರಿಸಿ, ಕತ್ತರಿಸಿದ ಅಂಚುಗಳಿಗೂ ಸ್ಕ್ರೂ ತೂತುಗಳಿಗೂ ವಾರ್ನಿಷ್ ಕುಡಿಸಿರಿ. ಒಳಗೆ ಗ್ಲಾಸ್‌ವೂಲ್ ತುಂಬಿದ್ದರೆ ಒದ್ದೆಯಾದ ಭಾಗವನ್ನು ತೆಗೆದುಹಾಕಬೇಕು, ಅದು ತಗಡಿನ ಬೆನ್ನಿಗೆ ನೀರನ್ನು ಹಿಡಿದಿಟ್ಟುಕೊಂಡು ತುಕ್ಕು ಹಿಡಿಸುತ್ತದೆ. ಫಳಿಯನ್ನು ಈಗಲೇ ಅಂಟು ಹಚ್ಚಿ ಖಾಯಂ ಮಾಡದೆ ನಾಲ್ಕು ಸ್ಕ್ರೂಗಳಿಂದ ಹಿಡಿಸಿಟ್ಟಿರಿ. ಒಂದೆರಡು ಜೋರು ಮಳೆ ಬಿದ್ದ ಮೇಲೆ ಅದನ್ನು ತೆಗೆದು, ಹಿಂದಿನ ಕಟ್ಟಿಗೆಯನ್ನು ಕೈಯಿಂದ ಮುಟ್ಟಿ ನೋಡಿ, ಒಣಗಿದ್ದರೆ ಆಗ ಪೂರ್ತಿ ಕೂಡಿಸಿಕೊಳ್ಳಬಹುದು.